ಪ್ರಕಟಣೆ ಓದಿದವಳು

"ಮೇಡಂ, ನಮ್ಮ ಕಡೆ ಕುರಿ ಸತ್ತಿದ್ದಕ್ಕೆ ಅಷ್ಟು ಚೆಂದ ನಗಬೇಕಾ?"

ಪುಷ್ಪಲತಾಳ ಜೊತೆ ಲೋಹಿತ ಆಡಿದ ಮೊದಲ ಮಾತು ಅದು. ಅವಳು ಚಳ್ಳಕೆರೆಯ ಕೇಬಲ್ ಚಾನೆಲ್ಲಿನಲ್ಲಿ ಸುದ್ದಿ ಓದುವವಳು. ಅವನು ಅದೇ ಚಾನೆಲ್ಲಿಗೆ ಮೊಳಕಾಲ್ಮುರಿನಿಂದ ಸುದ್ದಿ ಕಳಿಸುವವನು.

"ಏನೇ ಸುದ್ದಿ ಇದ್ರೂ ನಗ್ತಾ ಓದು ಅಂತಾರೆ ನಮ್ಮ ಸಾರ್," ಎಂದಳು ಫೋನಿನಲ್ಲಿ, ಅಳು ಬಂದಂತಾಗಿ.

"ಹಂಗಾದ್ರೆ ನಗ್ರಿ. ಕುರಿಗಳೂ ಬೇಜಾರು ಮಾಡ್ಕಳಲ್ಲ."

ಅವಳಿಗೆ ನಿಜವಾಗಿ ನಗು ಬಂತು.

ಆಮೇಲೆ ದಿನಾ ಫೋನು. ಶನಿವಾರ ಆಫೀಸಿಗೆ ಬಂದಾಗ ಅವನು ಕ್ಯಾಮೆರಾದ ಪಕ್ಕ ನಿಲ್ಲುತ್ತಿದ್ದ. ಅವಳ ಕಣ್ಣು ಅತ್ತ ಜಾರಿ, ನಾಲಿಗೆ ತೊದಲುತ್ತಿತ್ತು.

"ನಿನ್ನಿಂದ ತಪ್ಪು ಓದಿದೆ."

"ನಾನೇನ್ ಮಾಡ್ದೆ? ಸುಮ್ನೆ ನೋಡ್ದೆ." ಆಮೇಲೆ ಮೆಲ್ಲಗೆ, "ಮುಂದಿನ ವಾರ ನಿಮ್ಮವ್ವನ್ನ ನೋಡಾಕೆ ಬರ್ತೀನಿ," ಎಂದ.

ಬರಲಿಲ್ಲ. ಸುದ್ದಿಗೆಂದು ಸಿದ್ದಾಪುರಕ್ಕೆ ಹೋಗುವಾಗ ಬೈಕ್ ಜಾರಿ ಕಾಲು ಮುರಿಯಿತು. ಪರಿಹಾರಕ್ಕೆ ಅರ್ಜಿ ಹಾಕಲು, ಇವನು ನಮ್ಮಲ್ಲಿ ಕೆಲಸ ಮಾಡ್ತಾನೆ ಅಂತ ಒಂದು ಪತ್ರ ಬೇಕಿತ್ತು. ಮೂರು ವರ್ಷ ದುಡಿದರೂ ಅವನ ಕೈಲಿ ಒಂದು ಐಡಿ ಕಾರ್ಡೂ ಇರಲಿಲ್ಲ. ಮಾಲೀಕ ಶಶಿಕಾಂತ್‌ಗೆ ಫೋನ್ ಮಾಡಿ ಕೇಳಿದ.

ಶಶಿಕಾಂತ್ ಪತ್ರ ಬರೆಯಲಿಲ್ಲ. ಪುಷ್ಪಲತಾಳ ಕೈಗೆ ಒಂದು ಪ್ರಕಟಣೆ ಕೊಟ್ಟ. 'ಮೊಳಕಾಲ್ಮುರಿನ ಲೋಹಿತನಿಗೂ ನಮ್ಮ ಚಾನೆಲ್ಲಿಗೂ ಯಾವುದೇ ಸಂಬಂಧವಿರುವುದಿಲ್ಲ.'

"ಸಾರ್, ಇದು ನನ್ನ ಕೈಲಿ ಆಗಲ್ಲ."

"ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲೇ. ಓದಿದಳು. ಒಂದು ಕಡೆಯೂ ತೊದಲಲಿಲ್ಲ.

ಮರುದಿನ ಬೆಳಿಗ್ಗೆಯೇ ಮೊಳಕಾಲ್ಮುರಿನ ಬಸ್ಸು ಹತ್ತಿದಳು. ಲೋಹಿತ ಮಂಚದ ಮೇಲಿದ್ದ. ಅವನ ಅವ್ವ ಸಿದ್ದಕ್ಕ ನೀರು ಕೊಟ್ಟು ಹೊರಗೆ ಹೋದಳು.

"ಯಾಕೆ ಬಂದೆ?"

"ನೀನಿಲ್ದೆ ನನ್ನ ಕೈಲಿ ಇರಾಕಾಗಲ್ಲ. ಅದನ್ನ ಹೇಳಾಕೆ ಬಂದೆ."

ಅವನು ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡ.

"ನಾನು ಓದದಿದ್ರೆ ಬೇರೆ ಯಾರೋ ಓದ್ತಿದ್ರು, ಲೋಹಿತ."

"ಬೇರೆಯವ್ರು ಓದಿದ್ರೆ ನಂಗೇನೂ ಅನ್ನಿಸ್ತಿರ್ಲಿಲ್ಲ, ಪುಷ್ಪಾ."

ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಕೆಲಸ ಬಿಡ್ತೀನಿ."

"ಬಿಡಬ್ಯಾಡ. ಮನೇಲಿ ನಿಮ್ಮವ್ವ ಅವ್ಳೆ." ಗೋಡೆಯತ್ತ ಮುಖ ತಿರುಗಿಸಿದ. "ಬಸ್ಸಿಗೆ ಹೊತ್ತಾತು. ಹೊರಡು."

ಸಿದ್ದಕ್ಕ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದಳು. ಬಸ್ಸು ಬಂದಾಗ ಹೇಳಿದಳು:

"ಇವನ ಹೆಸರು ಬಂದ ಕೂಡ್ಲೇ ಟಿವಿ ಆಫ್ ಮಾಡಾಕೆ ಹೋದೆ ಕಣಮ್ಮ. 'ಇರವ್ವ, ಅವಳು ಓದಲ್ಲ ನೋಡು' ಅಂದ."