ಅಜ್ಜಿಯ ಕುರ್ಚಿಗೆ ತಲುಪದ ಡ್ರಮ್

ಬಹಳ ಹಿಂದೇನಲ್ಲ, ಏಳು ಸಮುದ್ರದಾಚೆಯೂ ಅಲ್ಲ. ಮೂರನೇ ಮಹಡಿಯ ಮನೆಯೊಂದರ ಮೂಲೆಯಲ್ಲಿ ಗುಡುಗು ನುಂಗಿ ಕೂತ ಕಪ್ಪು ಪೆಟ್ಟಿಗೆಯೊಂದಿತ್ತು. ಅದಕ್ಕೆ ಸಬ್‌ವೂಫರ್ ಎಂದು ಹೆಸರು; ದಪ್ಪ ಸದ್ದನ್ನಷ್ಟೇ ಮೊಳಗಿಸುವ ಸ್ಪೀಕರ್ ಅದು. ಆ ಮನೆಯ ಅಜ್ಜಿಯ ಕಿವಿಗೆ ಈಗೀಗ ಸಣ್ಣ ದನಿಗಳು ಸಿಗುತ್ತಿರಲಿಲ್ಲ, ದಪ್ಪ ಸದ್ದು ಮಾತ್ರ ಸಿಗುತ್ತಿತ್ತು. ತಾತ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ್ದ ಹಳೆಯ ರೆಕಾರ್ಡಿಂಗ್ ಕೇಳುವುದೇ ಅವರ ಸಂಜೆ. ಆದರೆ ಅವರು ಕುರ್ಚಿಯಲ್ಲಿ ಕೂತರೆ ಸಾಕು, ಡ್ರಮ್ಮೇ ಮಾಯ.

"ನಿಮ್ಮ ಕುರ್ಚಿಗೇ ತಂದು ಮುಟ್ಟಿಸ್ತೀನಿ ಅಜ್ಜಿ," ಎಂದು ರಿಪೇರಿಯವನು ಮಾತು ಕೊಟ್ಟ.

ಮೊದಲ ಸಲ ಟೀವಿ, ಪೆಟ್ಟಿಗೆ ಎರಡನ್ನೂ ಒಂದೇ ಪ್ಲಗ್‌ಬೋರ್ಡಿಗೆ ಚುಚ್ಚಿದ; ಗುಂಯ್ ಎನ್ನುತ್ತಿದ್ದುದು ನಿಂತಿತು. ಅಜ್ಜಿಯ ಬಾಯಲ್ಲಿ ಅವನು 'ಗುಂಯ್ ಡಾಕ್ಟ್ರು' ಆದ. ಆಮೇಲೊಂದು ದಿನ, ನಡುನಡುವೆ ನಿದ್ದೆ ಹೋಗುತ್ತಿದ್ದ ಪೆಟ್ಟಿಗೆಯ ಹಿಂದಿನ ಸ್ವಿಚ್ಚನ್ನು 'ಆಟೋ'ದಿಂದ ಆನ್‌ಗೆ ತಳ್ಳಿದ. ಇನ್ನೊಮ್ಮೆ ಬಂದು, ಗಲಗಲ ಎನ್ನುತ್ತಿರುವುದು ಸ್ಪೀಕರ್ ಅಲ್ಲ, ಅದರ ಮೇಲಿಟ್ಟ ಬೀಗದ ಕೈ ಬಟ್ಟಲು ಎಂದು ತೋರಿಸಿ ನಕ್ಕ. ನಕ್ಕರೆ ಅವನ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತದೆಂದು, ಕಾಲೇಜು ಮುಗಿಸಿ ಅಜ್ಜಿಯ ಜೊತೆಗಿದ್ದ ಮೊಮ್ಮಗಳು ಅವತ್ತೇ ಕಂಡುಕೊಂಡಳು. ಅಂದಿನಿಂದ ಅವಳ ಕಿವಿ ಕಾಲಿಂಗ್ ಬೆಲ್ಲಿನ ಮೇಲೆಯೇ.

ಇವತ್ತು ಬಂದವನೇ ಅಜ್ಜಿಯನ್ನು ಎಬ್ಬಿಸಿ, ಪೆಟ್ಟಿಗೆಯನ್ನು ಅವರ ಕುರ್ಚಿಯ ಮೇಲೆ ಕೂರಿಸಿದ.

"ಅಲ್ಲಯ್ಯಾ ಡಾಕ್ಟ್ರೇ, ರೋಗಿಗೆ ಕುರ್ಚಿ, ನನಗೆ ಸ್ಟೂಲಾ?"

"ಸ್ವಲ್ಪ ಹೊತ್ತು ಅಜ್ಜಿ. ಸದ್ದು ಗೋಡೆಗೆ ಬಡಿದು ವಾಪಸ್ ಬಂದು ನಿಮ್ಮ ಕುರ್ಚಿ ಹತ್ರಾನೇ ಸತ್ತುಹೋಗ್ತಿದೆ. ಈಗ ಕುರ್ಚಿಯಿಂದ ಬಾರಿಸಿದ್ರೆ ನೆಲದಲ್ಲಿ ಎಲ್ಲಿ ಚೆನ್ನಾಗಿ ಕೇಳುತ್ತೋ, ಪೆಟ್ಟಿಗೆ ಜಾಗ ಅದೇ. ಅಲ್ಲಿಟ್ರೆ ಕುರ್ಚಿಗೂ ಅಷ್ಟೇ ಚೆನ್ನಾಗಿ ಕೇಳುತ್ತೆ." ಅವನು ಮೊಮ್ಮಗಳತ್ತ ತಿರುಗಿದ. "ಅಂಬೆಗಾಲಿಡೋಕೆ ಬರುತ್ತಾ?"

"ನಡೆಯೋಕ್ಕಿಂತ ಮೊದಲೇ ಕಲಿತಿದ್ದೀನಿ."

ರೆಕಾರ್ಡಿಂಗ್ ಹಾಕಿ, ಅವನು ಬಾಗಿಲ ಕಡೆಯಿಂದ, ಅವಳು ಕಿಟಕಿಯ ಕಡೆಯಿಂದ ಹೊರಟರು. ತಲೆ ತಗ್ಗಿಸಿ, ಕಿವಿ ನಿಮಿರಿಸಿ ತೆವಳುತ್ತಾ ಸೋಫಾದ ಪಕ್ಕದಲ್ಲಿ ಢೀ ಎಂದು ಡಿಕ್ಕಿ ಹೊಡೆದರು. ಅವನ ಹುಬ್ಬಿನ ಮೇಲೊಂದು ಧೂಳಿನ ಎಳೆ. ಒರೆಸಲೆಂದು ಎತ್ತಿದ ಬೆರಳನ್ನು ಅವಳು ಹಾಗೇ ಮಡಚಿಕೊಂಡಳು.

ಅವಳ ಅಂಗೈ ಕೆಳಗೆ ತಾತನ ಡ್ರಮ್ ಧಿಂ ಧಿಂ ಎಂದು ಮೊಳಗುತ್ತಿತ್ತು. ಜಾಗ ಇದೇ. ಪೆಟ್ಟಿಗೆ ಇಲ್ಲಿಗೆ ಬಂದರೆ ಕೆಲಸ ಮುಗಿಯಿತು. ಇನ್ನು ಇವನು ಬರುವುದಿಲ್ಲ.

"ಇಲ್ಲಿ ಹೇಗಿದೆ?" ಎಂದ.

"ಇಲ್ಲೂ ಕಮ್ಮೀನೇ," ಎಂದಳು ಕಣ್ಣು ತಪ್ಪಿಸಿ.

"ನೆಲ ನಡುಗ್ತಿದೆ ರೀ."

"ನನ್ನ ಕೈ ಇರ್ಬೇಕು."

ಅವನು ಆ ಕೈ ನೋಡಿದ, ಆಮೇಲೆ ಅವಳನ್ನು. "ಯಾಕ್ರೀ ಸುಳ್ಳು?"

"ಇದು ಸರಿಹೋದ್ರೆ ನೀವ್ಯಾಕೆ ಬರ್ತೀರಾ?"

ಹೇಳಿದ ಮೇಲೆ ಅವಳ ಕಿವಿಯ ತುದಿ ಕೆಂಪಾಯಿತು. ಅವನ ಗುಳಿ ಮೆಲ್ಲಗೆ ಮೂಡಿತು.

"ಏನೂ ಕೆಡದೇ ಇರೋ ಮನೆಗೆ ಯಾವ ನೆಪ ಹೇಳ್ಕೊಂಡು ಬರೋದು ಅಂತ ನಾನೂ ಒದ್ದಾಡ್ತಿದ್ದೆ. ಕರೆದ್ರೆ ಬರ್ತೀನಿ. ಟೂಲ್ ಬ್ಯಾಗ್ ಇಲ್ದೆ."

"ಭಾನುವಾರ?"

"ಬೆಳಗ್ಗೇನೇ."

"ಏನ್ರೋ ಅದು ನೆಲದಲ್ಲಿ ಪಿಸುಪಿಸು?" ಸ್ಟೂಲಿನಿಂದ ಅಜ್ಜಿ ಗದರಿದರು. "ಕಿವಿ ಕೇಳಲ್ಲ ನಿಜ, ಕಣ್ಣಿಗೇನಾಗಿದೆ?"

"ಜಾಗ ಸಿಕ್ತು ಅಜ್ಜಿ!" ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ.

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಸೋಫಾದ ಪಕ್ಕಕ್ಕೆ ಇಳಿಸಿದರು. ಅಜ್ಜಿ ತಮ್ಮ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡರು. ರೆಕಾರ್ಡಿಂಗ್ ಶುರುವಾಯಿತು. ಮೊದಲು ಕಾಲಿನ ಹೆಬ್ಬೆರಳು ತಾಳ ಹಿಡಿಯಿತು, ಆಮೇಲೆ ಪಾದ. ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು.

"ಅವರದೇ ಕೈ ಕಣೇ," ಎಂದರು.