ಮರಳಿನ ಚೀಲದ ಮೇಲೆ ಸೆಟೆದು ಕೂತವಳು

"ಇದೇನು ಡ್ರೈವರ್ ಸೀಟಾ, ದಿಂಬಿನ ಅಂಗಡೀನಾ?"

ಮೊದಲ ಭೇಟಿಯಲ್ಲೇ ಹೀಗೆ ಮಾತಾಡೋದೇ? ಆದರೆ ಆ ಸೀಟ್ ಹೊಲಿಯುವವನಿಗೆ ನಯ ವಿನಯ ಅಂದ್ರೆ ಏನಂತಲೇ ಗೊತ್ತಿರಲಿಲ್ಲ. ಅವಳ ಟ್ಯಾಕ್ಸಿಯ ಬಾಗಿಲು ತೆಗೆದು, ಸೀಟಿನ ಮೇಲಿದ್ದ ಮೂರು ದಿಂಬುಗಳನ್ನ ಎರಡೇ ಬೆರಳಲ್ಲಿ, ಸತ್ತ ಇಲಿ ಎತ್ತುವ ಹಾಗೆ ಎತ್ತಿ ಹೊರಗಿಟ್ಟ.

"ನಾಲಿಗೆ ಬಿಗಿ ಹಿಡಿದು ಮಾತಾಡಿ. ಆರು ವರ್ಷದಿಂದ ಟ್ಯಾಕ್ಸಿ ಓಡಿಸ್ತಿದೀನಿ!"

"ನೀವು ಇಳಿದ ರೀತಿ ನೋಡಿದ್ರೇ ಗೊತ್ತಾಗುತ್ತೆ ಬಿಡಿ."

ಎಷ್ಟು ಕೊಬ್ಬು ಇವನಿಗೆ! ಗಾಡಿ ತಿರುಗಿಸಿಕೊಂಡು ಹೋಗಿಬಿಡ್ತಿದ್ದಳು... ಆದರೆ ಎಲ್ಲಿಗೆ?

ಅರ್ಧ ಗಂಟೆ ಕೂತರೆ ಸಾಕು, ಸೊಂಟದಿಂದ ಹಿಮ್ಮಡಿವರೆಗೆ ಸೆಳೆತ. ಗಾಡಿ ಇದ್ದದ್ದು ಅಕ್ಕನ ಹೆಸರಲ್ಲಿ. ಸೋಮವಾರದೊಳಗೆ ನೋವು ಇಳಿಯದಿದ್ದರೆ ಮಾರಿಬಿಡೋಣ ಅಂತ ಭಾವ ಆಗಲೇ ಗಿರಾಕಿ ಹುಡುಕಿದ್ದ. "ಹೆಂಗಸಿಗೆ ಸ್ಟೀರಿಂಗ್ ಯಾಕೆ ಬೇಕಿತ್ತು?" ಅಂತ ಹಲ್ಲು ಕಿರಿಯೋ ಆ ಮಹಾನುಭಾವನ ಕೈಗೆ ಕೀ ಕೊಡೋದಾ? ಸತ್ತರೂ ಇಲ್ಲ!

ಅವನು ಸೀಟಿನ ಸ್ಪಂಜು ಕಿತ್ತು, ಆ ಜಾಗದಲ್ಲಿ ಮರಳು ತುಂಬಿದ ಚೀಲ ಹಾಸಿದ.

"ಕೂರಿ. ಎಲ್ಲೆಲ್ಲಿ ತಗ್ಗು ಬೀಳುತ್ತೋ ನೋಡ್ಕೊಂಡು ಹೊಸ ಸ್ಪಂಜು ಕತ್ತರಿಸ್ತೀನಿ."

'ಈ ಸೊಕ್ಕಿನವನ ಮುಂದೆ ನೋವು ತೋರಿಸೋದಾ?' ಅವಳು ಹಲ್ಲು ಕಚ್ಚಿ, ಬೆನ್ನು ಸೆಟೆದು ಕೂತಳು. ಮಹಾರಾಣಿ ಕೂತ ಹಾಗೆ ಕೂತಳು, ಪಾಪ.

ಹೊಸ ಸೀಟು ಬಂತು. ಮೂರೇ ದಿನಕ್ಕೆ ನೋವು ಎರಡು ಪಟ್ಟಾಯ್ತು!

ಶನಿವಾರ ಬೆಳಿಗ್ಗೆ ಅಂಗಡಿ ಮುಂದೆ ಬ್ರೇಕ್ ಕಿರ್ರೆಂದಿತು.

"ಸೀಟ್ ಮಾಡಿದ್ರೋ, ಮುಳ್ಳಿನ ಹಾಸಿಗೆ ಮಾಡಿದ್ರೋ? ಗೋಣಿಚೀಲ ಹೊಲಿಯೋಕೂ ಲಾಯಕ್ಕಿಲ್ಲ ನೀವು!"

ಅವಳು ಬಾಗಿಲು ಹಿಡ್ಕೊಂಡು, ಎಡಗಾಲನ್ನ ಕೈಯಿಂದಲೇ ಎತ್ತಿ ಹೊರಗಿಟ್ಟದ್ದನ್ನ ಅವನು ನೋಡ್ತಾ ನಿಂತಿದ್ದ. ಮುಖದ ಮೇಲಿನ ಅಣಕ ಇಳಿದುಹೋಗಿತ್ತು.

"ಅವತ್ತು ನೀವು ದಿನಾ ಕೂರೋ ಹಾಗೆ ಕೂತಿರಲಿಲ್ಲ," ಅಂದ ಮೆಲ್ಲಗೆ. "ಮರಳಲ್ಲಿ ಎರಡೂ ಕಡೆ ಸಮ ತಗ್ಗು ಬಿದ್ದಿತ್ತು. ನಾನೂ ಬುದ್ಧಿಗೇಡಿ, ನಂಬಿದೆ. ನೋವಿಗೆ ಹೊಲಿಯೋ ಬದಲು ನಿಮ್ಮ ಜಂಬಕ್ಕೆ ಹೊಲಿದುಬಿಟ್ಟೆ."

ಮತ್ತೆ ಚೀಲ ಹಾಸಿದ. "ಯಾರೂ ನೋಡದೇ ಇದ್ದಾಗ ಹೇಗೆ ಕೂರ್ತೀರೋ ಹಾಗೆ ಕೂರಿ. ನಾನು ಆ ಕಡೆ ತಿರುಗ್ತೀನಿ. ನನಗೆ ಮರಳು ಸಾಕು."

ನಿಜವಾಗ್ಲೂ ಗೋಡೆ ಕಡೆ ತಿರುಗಿ ನಿಂತ. ಅವಳು ಕೂತಳು. ಮೈ ತಾನಾಗಿ ಎಡಕ್ಕೆ ವಾಲಿತು, ಭುಜ ಜೋತುಬಿತ್ತು, ಎಷ್ಟೋ ತಿಂಗಳಿಂದ ತಡೆದಿದ್ದ ಅಳು ಬಂದೇ ಬಂತು. ಅವನು ತಿರುಗಲಿಲ್ಲ. ಆ ಬೆನ್ನು ನೋಡ್ತಾ ನೋಡ್ತಾ ಅವಳ ಎದೆ ಯಾಕೋ ಹಗುರಾಯ್ತು... 'ಇಂಥವನನ್ನ ಬೈದೆನಲ್ಲ!'

ಅವತ್ತೇ ಅವನು ಎಡಗಡೆ ಸ್ಪಂಜು ಕೊರೆದು ಮೆತ್ತನೆಯದು ಕೂರಿಸಿದ, ತೊಡೆ ಕೆಳಗೆ ಗಟ್ಟಿಯದಿಟ್ಟ, ಸೊಂಟಕ್ಕೊಂದು ಆಸರೆ ಹೊಲಿದ.

ಸೋಮವಾರ ಮಧ್ಯಾಹ್ನ ಅವಳು ಮತ್ತೆ ಅಂಗಡಿಗೆ ಬಂದಳು, ಮುಖ ಗಂಟಿಕ್ಕಿಕೊಂಡು.

"ಮತ್ತೆ ನೋವಾ?" ಅವನ ಕೈಲಿದ್ದ ಕತ್ತರಿ ಅಲ್ಲೇ ನಿಂತಿತು.

"ಭಾವನ್ನೂ ಅವರ ಗಿರಾಕೀನೂ ಹಿಂದೆ ಕೂರಿಸ್ಕೊಂಡು ನಾಲ್ಕು ಗಂಟೆ ಓಡಿಸ್ದೆ. ಇಳಿಯುವಾಗ ಸೊಂಟ ಹಿಡ್ಕೊಂಡಿದ್ದು ಭಾವ! ಅಕ್ಕ ನಕ್ಕೂ ನಕ್ಕೂ ಕೀ ನನ್ನ ಕೈಗೇ ಕೊಟ್ಟಳು."

ಅವನು ಜೋರಾಗಿ ನಕ್ಕ. "ಹಾಗಾದ್ರೆ ಈ ಗಂಟು ಮುಖ ಯಾಕೆ?"

"ನನ್ನ ಪಕ್ಕದ ಸೀಟು ಸರಿಯಿಲ್ಲ. ಅಳತೆ ತಗೊಂಡು ಹೊಲೀಬೇಕು."

"ಯಾರ ಅಳತೆ?"

"ಅದನ್ನೂ ನಾನೇ ಬಾಯಿಬಿಟ್ಟು ಹೇಳ್ಬೇಕಾ... ದಡ್ಡ! ನಿನ್ನ ಅಳತೆ."

ಅವನ ಕಿವಿ ಕೆಂಪಾಯ್ತು. ಚೀಲ ತಂದು ಅವಳ ಪಕ್ಕದ ಸೀಟಿಗೆ ಹಾಸಿ, ನಾಚಿಕೊಂಡು ಕಂಬದ ಹಾಗೆ ಕೂತ.

ಅವಳು ಅವನ ಭುಜದ ಮೇಲೆ ಕೈಯಿಟ್ಟಳು.

"ಸೆಟೆದು ಕೂರಬೇಡ ಕಣೋ. ದಿನಾ ಕೂರೋ ಜಾಗ ಇದು."