ಹನ್ನೆರಡು ದಿನಗಳ ಯಂತ್ರ

ಬೆಂಕಿಪೊಟ್ಟಣದಷ್ಟಿದ್ದ ಕರಿಯ ಡಬ್ಬಿಯಿಂದ ಎರಡು ತಂತಿಗಳು ಹೊರಟಿದ್ದವು. ಒಂದು ಗೋಡೆಯ ಗೂಡಿನಲ್ಲಿದ್ದ ಹಳೆಯ ಗಣಕಯಂತ್ರಕ್ಕೆ, ಇನ್ನೊಂದು ಕೆಳಗೆ ಮಣೆಯ ಮೇಲಿದ್ದ ಹೊಸದಕ್ಕೆ. ಡಾ. ತಸ್ನೀಮ್ ಜಮಾದಾರ ಗುಂಡಿ ಒತ್ತಿ, ಓಢಣಿಯ ಅಂಚಿನಿಂದ ಕತ್ತಿನ ಬೆವರು ಒರೆಸಿಕೊಂಡರು.

"ಎಷ್ಟೊತ್ತು ಆಗ್ತದ್ರಿ ಮೇಡಂ?" ಎಂದು ಕೇಳಿದಳು ಭಾಗ್ಯವಂತಿ. ಅವಳ ಕೈ ಜೋಳದ ಹಿಟ್ಟಿನಲ್ಲಿತ್ತು.

"ನೀವು ನಾಕು ರೊಟ್ಟಿ ಬಡಿಯೋದ್ರಾಗ ಮುಗೀತದ."

"ನನ್ನ ಕೈ ಭಾಳ ಜೋರ ಅದ ಮತ್ತ."

"ನನ್ನ ಡಬ್ಬೀನೂ ಜೋರ ಅದ. ಬಡೀರಿ, ನೋಡೂಣು."

ಮೂರನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುವಾಗ ಹಳೆಯ ಯಂತ್ರದ ಹಸಿರು ದೀಪ ಆರಿತು, ಹೊಸದರ ದೀಪ ಹೊತ್ತಿತು. ತೆರೆಯ ಮೇಲೆ ಎಂದಿನ ಅಕ್ಷರಗಳೇ ಮೂಡಿದವು: 'ಗುರುಬಸಮ್ಮ, ಊರು ಕರಿಬಂಡಿ. ತಪ್ಪಿಲ್ಲದ ಸೇವೆ: ಇಪ್ಪತ್ತೆರಡು ವರ್ಷ.'

ಭಾಗ್ಯವಂತಿ ಹಿಟ್ಟು ಮೆತ್ತಿದ ಕೈಯನ್ನೇ ಮುಗಿದಳು. ಗುರುಬಸಮ್ಮ ಅವಳ ಅತ್ತೆ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಊರ ಮಕ್ಕಳ ಮೂಗು ಒರೆಸಿದವಳು. ತೀರಿಕೊಂಡು ಎಂಟು ವರ್ಷವಾಗಿತ್ತು. ಯಂತ್ರ ಮಾತ್ರ ಅವಳ ಹೆಸರಿನಲ್ಲೇ ನಡೆಯುತ್ತಿತ್ತು.

ಎರಡು ಸಾವಿರದ ಅರವತ್ತರ ಹೊತ್ತಿಗೆ ಕಾಗಿಣಾ ನದಿಯ ದಂಡೆಯ ಬೇಸಿಗೆ ಮೊದಲಿನಂತೆ ಬರೀ ಒಣ ಬಿಸಿಲಾಗಿ ಉಳಿದಿರಲಿಲ್ಲ. ಅದರ ಜೊತೆಗೆ ಹಬೆಯೂ ಸೇರಿಕೊಂಡಿತ್ತು. ಉಷ್ಣಮಾಪಕದ ತುದಿಗೆ ಒದ್ದೆ ಬಟ್ಟೆ ಸುತ್ತಿ ಅಳೆದಾಗ ಸಿಗುವ ಅಂಕಿಗೆ ಜನ 'ಒದ್ದೆ ಬಿಸಿ' ಎನ್ನುತ್ತಿದ್ದರು. ಬೆವರು ಆರಿ ಮೈ ತಣಿಯಬಲ್ಲುದೇ ಇಲ್ಲವೇ ಎಂಬುದನ್ನು ಹೇಳುವ ಅಂಕಿ ಅದು. ಮೂವತ್ತೊಂದು ದಾಟಿದರೆ ಎಂಥ ಗಟ್ಟಿ ಆಳೂ ದುಡಿಯುತ್ತ ದುಡಿಯುತ್ತಲೇ ಕುಸಿಯುತ್ತಾನೆ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಗಳಲ್ಲಂತೂ ತಳದಲ್ಲಿ ನೀರು, ಸುತ್ತಲೂ ಕಾದ ಕಲ್ಲು. ಒಂದು ಖಣಿಯ ಹಬೆ ಪಕ್ಕದ ಖಣಿಯದರಂತೆ ಇರುವುದಿಲ್ಲ. ಹೀಗೆ ಸಾವಿರಾರು ಖಣಿಗಳಿಗೆ ಬೇರೆ ಬೇರೆಯಾಗಿ ನಾಳಿನ ಲೆಕ್ಕ ಹಾಕುವಷ್ಟು ದೊಡ್ಡ ಯಂತ್ರ ಯಾರ ಬಳಿಯೂ ಇರಲಿಲ್ಲ. ಆದ್ದರಿಂದ ಜನರೇ ತಮ್ಮ ಮನೆಯ ಗಣಕಗಳನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟಿದ್ದರು. ಅದರ ಹೆಸರು ನೆರಳು ಜಾಲ. ಯಾವ ಮನೆಯ ಯಂತ್ರ ಯಾವ ಖಣಿಯ ಲೆಕ್ಕ ಹಾಕಬೇಕೆಂದು ಜಾಲವೇ ಹಂಚುತ್ತಿತ್ತು. ಅಂಕಿ ಮೀರಿದರೆ ಖಣಿಯ ಸೈರನ್ನು, ಆ ಕಡೆಯ ಮಾತಿನಲ್ಲಿ ಭೋಂಗಾ, ಕೂಗುತ್ತಿತ್ತು. ಅಂದು ಯಾರೂ ಕೆಲಸಕ್ಕೆ ಇಳಿಯುತ್ತಿರಲಿಲ್ಲ.

ಹೊಸ ಯಂತ್ರವನ್ನು ಜಾಲ ಸುಮ್ಮನೆ ನಂಬುತ್ತಿರಲಿಲ್ಲ. ಅದೇ ಲೆಕ್ಕವನ್ನು ಇನ್ನೊಂದು ಯಂತ್ರಕ್ಕೂ ಕೊಟ್ಟು, ಎರಡೂ ಉತ್ತರ ಕೂಡಿದರೆ ಮಾತ್ರ ಒಪ್ಪುತ್ತಿತ್ತು. ವರ್ಷಗಟ್ಟಲೆ ತಪ್ಪದೆ ದುಡಿದ ಯಂತ್ರದ ಮಾತನ್ನು ಮಾತ್ರ ಒಂಟಿಯಾಗಿಯೇ ಒಪ್ಪುತ್ತಿತ್ತು. ಇದರಿಂದ ಅರ್ಧ ದುಡಿಮೆ ಉಳಿಯುತ್ತಿತ್ತು. ಆದರೆ ಯಂತ್ರಗಳಿಗೂ ಮುಪ್ಪು ಬರುತ್ತದೆ. ಹಳೆಯದು ಕೆಟ್ಟು ಹೊಸದು ಬಂದರೆ ಜಾಲ ಅದನ್ನು ಅಪರಿಚಿತನೆಂದೇ ಎಣಿಸಿ, ಗಳಿಸಿದ್ದ ನಂಬಿಕೆಯನ್ನೆಲ್ಲ ಅಳಿಸಿಬಿಡುತ್ತಿತ್ತು. ಡಾ. ಜಮಾದಾರರ ಡಬ್ಬಿ ಇದಕ್ಕೆ ಕಂಡುಹಿಡಿದ ಮದ್ದು. ಹಳೆಯ ಯಂತ್ರದ ಗುರುತನ್ನು ಬೇರುಸಹಿತ ಕಿತ್ತು ಅದು ಹೊಸದರಲ್ಲಿ ನೆಡುತ್ತಿತ್ತು.

"ಅಂದ್ರ, ಇದು ಹೊಸಾದು ಅಂತ ಜಾಲಕ್ಕ ಗೊತ್ತಾಗಂಗಿಲ್ಲೇನ್ರಿ?" ಎಂದಳು ಭಾಗ್ಯವಂತಿ.

"ಗೊತ್ತಾಗಬಾರ್ದು ಅಂತನೇ ಆರು ವರ್ಷ ಕುಂತು ಮಾಡೀನ್ರಿ ಅಕ್ಕೋರ," ಡಾ. ಜಮಾದಾರ ನಕ್ಕರು. "ಗೊತ್ತಾದ್ರ ಗುರುಬಸಮ್ಮೋರನ್ನ ಮತ್ತ ಒಂದನೇ ಕ್ಲಾಸಿಗೆ ಕೂಡಸ್ತದ."

ಬಿಸಿ ರೊಟ್ಟಿಗೆ ಶೇಂಗಾ ಹಿಂಡಿಯ ಪುಡಿ ಹಚ್ಚಿಕೊಂಡು ತಿಂದು ಅವರು ಮುಂದಿನ ಊರಿಗೆ ಹೊರಟರು. ಆ ವರ್ಷ ನಲವತ್ತೊಂದು ಸಾವಿರ ಮನೆಗಳಲ್ಲಿ ಹೀಗೆ ಗುರುತು ದಾಟಿತ್ತು.

ಪಕ್ಕದ ಮನೆಯ ಮಹಾನಂದಾ ಉತ್ತರ ಖಣಿಯಲ್ಲಿ ಕಲ್ಲು ಎತ್ತುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಗಂಡ ಲಾರಿಯ ಮೇಲಿರುತ್ತಿದ್ದ, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಐದು ವರ್ಷದ ಮಗಳು ತನ್ವಿಯನ್ನು ದಿನಾ ಭಾಗ್ಯವಂತಿಯ ಬಳಿ ಬಿಟ್ಟು ಹೋಗುವಳು. ಆ ತಿಂಗಳು ಉತ್ತರ ಖಣಿಯ ಲೆಕ್ಕ ಗುರುಬಸಮ್ಮನ ಯಂತ್ರದ ಪಾಲಿಗೇ ಬಂದಿತ್ತು.

ಗುರುತು ದಾಟಿ ಹನ್ನೆರಡನೆಯ ದಿನ. ಮುಂಜಾನೆ ಮಹಾನಂದಾ ಮಗಳನ್ನು ಕರೆತಂದವಳು ಹೊಸ್ತಿಲಲ್ಲೇ ನಿಂತಳು.

"ಯಕ್ಕಾ, ಇವತ್ತು ಯಾಕೋ ಎದಿ ಮ್ಯಾಲ ಕಲ್ಲಿಟ್ಟಂಗ ಆಗ್ಲಿಕತ್ತದ. ಇನ್ನಾ ಹೊತ್ತು ಏರಿಲ್ಲ, ಕುಪ್ಪಸ ತೊಯ್ದು ಹೋಗ್ಯದ."

ಭಾಗ್ಯವಂತಿ ಆಗ ಹಗ್ಗದ ಮೇಲಿನ ಬಟ್ಟೆ ಮುಟ್ಟಿ ನೋಡುತ್ತಿದ್ದಳು. ಹಿಂದಿನ ಸಂಜೆ ಒಗೆದು ಹಾಕಿದ ಸೀರೆ ಇನ್ನೂ ನೀರಿನ ಭಾರದಿಂದ ಜೋತುಬಿದ್ದಿತ್ತು. ಹಬೆಯಿಲ್ಲದ ದಿನ ಆ ಅಂಗಳದಲ್ಲಿ ಬಟ್ಟೆ ಒಣಗಲು ಅರ್ಧ ಗಂಟೆ ಸಾಕು. ಇದೇನಿದು ಎಂದುಕೊಳ್ಳುತ್ತಲೇ ಅವಳು ಒಳಗೆ ಹೋಗಿ ತೆರೆ ನೋಡಿ ಬಂದಳು.

"ಇಪ್ಪತ್ತೆಂಟು ಅದ. ಅತ್ತಿ ಮಷೀನ್ ಸುಳ್ಳು ಹೇಳಂಗಿಲ್ಲವ್ವಾ. ಹೋಗಿ ಬಾ."

"ನಿಮ್ಮತ್ತಿ ಸತ್ರೂ ನಮ್ಮನ್ನ ದುಡಿಲಿಕ್ಕ ಹಚ್ಚೋದು ಬಿಡ್ಲಿಲ್ಲ ನೋಡು!" ಎಂದು ನಕ್ಕು, ಬುತ್ತಿಗಂಟು ಬಗಲಿಗೇರಿಸಿ ಮಹಾನಂದಾ ನಡೆದಳು.

ಮಧ್ಯಾಹ್ನ ತನ್ವಿ ಉಂಡು ಮಲಗಿದ್ದಾಗ ಖಣಿಯ ಟ್ರ್ಯಾಕ್ಟರ್ ಬಂತು. ಅದರಲ್ಲಿ ಮೂವರನ್ನು ಮಲಗಿಸಿದ್ದರು. ನಡುವಿನವಳು ಮಹಾನಂದಾ. ಭಾಗ್ಯವಂತಿ ಅವಳ ಹಣೆ ಮುಟ್ಟಿದಳು. ಜೀವ ಹೋಗಿ ಗಂಟೆಯಾಗಿದ್ದರೂ ಮೈ ಇನ್ನೂ ಹಂಚಿನಂತೆ ಸುಡುತ್ತಿತ್ತು.

ಮೂರು ದಿನಗಳ ಮೇಲೆ ಡಾ. ಜಮಾದಾರ ಬಂದು ಹೊಸ ಯಂತ್ರವನ್ನು ಬಿಚ್ಚಿ ಕೂತರು. ಕೋಣೆ ತಂಪಾಗಿದ್ದಾಗ ಅದರ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಕೋಣೆ ಕಾದಾಗ ಅದರ ನೆನಪಿನ ಚಿಪ್ ಒಂದು ಅಂಕಿ ತಪ್ಪುತ್ತಿತ್ತು. ಅಂದರೆ, ತೀರಾ ಬೇಕಾದ ದಿನವೇ ಅದು ಕೈಕೊಡುತ್ತಿತ್ತು. ಅಂದಿನ ನಿಜವಾದ ಅಂಕಿ ಮೂವತ್ತಮೂರು.

"ಹೊಸಾದು ಅಂತ ತಿಳಿದಿದ್ರ ಜಾಲ ಇನ್ನೊಂದು ಯಂತ್ರಕ್ಕ ಕೇಳ್ತಿತ್ತು," ಎಂದರು ಅವರು. "ಕೇಳದಂಗ ಮಾಡಿದಾಕಿ ನಾನು. ಹೆಸರು ದಾಟಿಸಿದೆ. ಹೆಸರಿನ ಕೂಡ ಗುಣಾನೂ ದಾಟ್ತದ ಅಂತ ತಿಳಿದೆ."

ತೊಡೆಯ ಮೇಲೆ ಮಲಗಿದ್ದ ತನ್ವಿಯ ತಲೆಯಲ್ಲಿ ಭಾಗ್ಯವಂತಿಯ ಬೆರಳು ಆಡುತ್ತಿತ್ತು.

"ಅಕ್ಕೋರ, ಮುಂದಿನ ವಾರ ಕಲಬುರಗಿಯೊಳಗ ವಿಚಾರಣಿ ಅದ. ಇಲ್ಲಿ ಇನ್ನಾ ಹಳೇ ಯಂತ್ರನೇ ಇತ್ತು, ವಯಸ್ಸಾಗಿ ಲೆಕ್ಕ ತಪ್ಪಿತು ಅಂತ ನಾವಿಬ್ಬರೂ ಸುಳ್ಳು ಹೇಳಿದ್ರ, ಇದೊಂದನ್ನ ತೆಗೆದು ಹಾಕ್ತಾರ, ಅಷ್ಟ. ಗುರುಬಸಮ್ಮೋರ ಹೆಸರಿನ ಮುಂದ ಮೂರು ಸಾವು ಬರೀತಾರ. ನಿಜ ಹೇಳಿದ್ರ ನಲವತ್ತೊಂದು ಸಾವಿರ ಯಂತ್ರನೂ ನಿಲ್ಲಿಸಿ ಹೊಸಬರು ಅಂತ ಎಣಸ್ತಾರ. ಎಲ್ಲಾ ಲೆಕ್ಕ ಎರಡೆರಡು ಸಲ ಆಗ್ಬೇಕು. ಈ ಬ್ಯಾಸಗಿಗೆ ಅರ್ಧ ಖಣಿಗಳಿಗೆ ಭೋಂಗಾ ಇರಂಗಿಲ್ಲ."

"ಉಳಿದ ಯಂತ್ರದಾಗ ಇಂಥವು ಎಷ್ಟವ್ರಿ?"

"ಗೊತ್ತಿಲ್ಲ. ಹತ್ತು ಇರಬಹುದು, ಸಾವಿರ ಇರಬಹುದು. ಅದಕ್ಕ ನಿಮ್ಮನ್ನ ಕೇಳ್ಲಿಕ್ಕ ಬಂದೀನಿ, ಏನ್ ಹೇಳೂಣು?"

"ನೀವು ಓದಿದವರು ನನ್ನ ಕೇಳಿದ್ರ ಹ್ಯಾಂಗ್ರಿ?" ಎಂದಳು ಭಾಗ್ಯವಂತಿ. ಆಮೇಲೆ ಮಲಗಿದ್ದ ತನ್ವಿಯ ಕಡೆ ನೋಡಿ, "ಈ ಕೂಸು ನಾಳೆ ದೊಡ್ಡಾಕಿ ಆಗಿ ನನ್ನ ಮಾರಿ ನೋಡಿ ಕೇಳ್ತದ. ಆಕಿಗೆ ಒಂದು, ಕಲಬುರಗಿಯೊಳಗ ಒಂದು ಹೇಳ್ಲಿಕ್ಕ ನನ್ನ ಕೈಲಿ ಆಗಂಗಿಲ್ಲ," ಎಂದಳು.

ವಿಚಾರಣೆಯಲ್ಲಿ ಅವಳು ಡಬ್ಬಿಯ ವಿಷಯ ಹೇಳಿದಳು, ಹೊಸ ಯಂತ್ರಕ್ಕೆ ಅಂದಿಗೆ ಹನ್ನೆರಡೇ ದಿನವೆಂದು ಹೇಳಿದಳು. ಯಾರೂ ಕೇಳದಿದ್ದರೂ ಒಣಗದ ಸೀರೆಯನ್ನೂ ಹೇಳಿದಳು.

"ಒದ್ದೆ ಬಟ್ಟೆ ಕೈಯಲ್ಲೇ ಇದ್ದರೂ ತೆರೆಯ ಮೇಲಿನ ಅಂಕಿಯನ್ನೇ ನಂಬಿದಿರಾ?" ಎಂದರು ಸಮಿತಿಯವರೊಬ್ಬರು.

"ಹೌದ್ರೀ. ಅತ್ತಿ ಹೆಸರು ಇತ್ತಲ್ರೀ ಅದರ ಮ್ಯಾಲ. 'ಹೋಗಿ ಬಾ' ಅಂದಾಕಿ ನಾನೇ."

ಡಾ. ಜಮಾದಾರ ಕೂಡ ತಮ್ಮ ಕೈಯಾರೆ ತಮ್ಮ ಶೋಧವನ್ನು ನಿಲ್ಲಿಸುವ ಕಾಗದಕ್ಕೆ ಸಹಿ ಹಾಕಿದರು. ಮೂವತ್ತೇಳು ಯಂತ್ರಗಳಲ್ಲಿ ಅದೇ ದೋಷ ಸಿಕ್ಕಿತು. ಅಷ್ಟು ಖಣಿಗಳ ಜನ ಬದುಕಿದರು ಎಂದು ಕೆಲವರು ಹೇಳಿದರು. ಆದರೆ ಮೇ ತಿಂಗಳ ಎರಡನೆಯ ವಾರ, ಭೋಂಗಾ ಕೂಗದ ದೂರದ ಖಣಿಯೊಂದರಲ್ಲಿ ಒಂಬತ್ತು ಜನ ಸತ್ತರು. ಅವರ ಲೆಕ್ಕ ಎರಡನೆಯ ಯಂತ್ರಕ್ಕಾಗಿ ಸರದಿಯಲ್ಲಿ ಕಾಯುತ್ತಿತ್ತು. ಭಾಗ್ಯವಂತಿ ಒಲೆ ಆರಿಸಿ ಕೂತು ಒಂಬತ್ತೂ ಹೆಸರುಗಳನ್ನು ಒಂದೊಂದಾಗಿ ಓದಿದಳು. ಯಾರೂ ಪರಿಚಯದವರಲ್ಲ. ಅವಳು ಸುಳ್ಳು ಹೇಳಿದ್ದರೆ ಅವರು ಉಳಿಯುತ್ತಿದ್ದರೇ? ಯಾವ ಯಂತ್ರವೂ ಹಾಕಿಕೊಡದ ಲೆಕ್ಕ ಅದು. ಆ ದಿನ ಅವಳು ಅನ್ನ ಮುಟ್ಟಲಿಲ್ಲ.

ಗುರುತು ದಾಟಿಸುವುದನ್ನು ಮುಂದಿನ ವರ್ಷ ಮತ್ತೆ ಆರಂಭಿಸಿದರು. ಈ ಬಾರಿ ಡಾ. ಜಮಾದಾರರ ಒತ್ತಾಯದಿಂದ ಪ್ರತಿ ಭೋಂಗಾದ ಕಂಬಕ್ಕೂ ಒಂದು ಫಲಕ ಬಂತು. ಅಂಕಿಯ ಕೆಳಗೆ ಇನ್ನೆರಡು ಸಾಲು.

ಭಾಗ್ಯವಂತಿಯ ಮನೆಯಲ್ಲೇ ಬೆಳೆಯುತ್ತಿದ್ದ ತನ್ವಿ ಆಗ ಒಂದನೆಯ ತರಗತಿ. ಕಂಡದ್ದನ್ನೆಲ್ಲ ಓದುವ ಹುಚ್ಚು. ಶಾಲೆಗೆ ಹೋಗುವ ದಾರಿಯಲ್ಲಿ, ಕಂಬದ ಬುಡದಲ್ಲಿ ನಿಂತು ಬೆರಳಿಟ್ಟು ಕೂಡಿಸಿ ಓದಿದಳು:

"ಇಂ-ದಿನ ಒದ್ದೆ ಬಿಸಿ, ಇಪ್ಪತ್ತೊಂಬತ್ತು. ಈ ಯಂ-ತ್ರಕ್ಕೆ ವಯಸ್ಸು, ನಲವತ್ತು ದಿನ. ಇನ್ನೊಂದು ಯಂತ್ರ ಸರಿ ನೋ-ಡಿದೆಯೇ, ಹೌದು." ಓದಿ ಮುಗಿಸಿ ತಲೆಯೆತ್ತಿದಳು. "ದೊಡ್ಡವ್ವಾ, ಇದನ್ನ ಮೊದ್ಲು ಯಾಕ ಬರೀತಿದ್ದಿಲ್ಲ?"

ಖಣಿಯ ಕಡೆಗೆ ಹೊರಟಿದ್ದ ಹೆಂಗಸರು ಅವರ ಪಕ್ಕದಲ್ಲೇ ಹಾದುಹೋದರು.

"ಯಾರೂ ಕೇಳಿದ್ದಿಲ್ಲವ್ವಾ."

"ನೀನೂ ಕೇಳಿದ್ದಿಲ್ಲಾ?"

ಭಾಗ್ಯವಂತಿ ಮಗುವಿನ ಕೈಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಅವಳ ಕಣ್ಣುಗಳ ಮಟ್ಟಕ್ಕೆ ಕುಳಿತಳು.

"ಇಲ್ಲ. ನಾನೂ ಕೇಳಿದ್ದಿಲ್ಲ."